ಗೋಡೆಯ ಮೇಲಿನ ಬೆಂಕಿ

ಐಲಿಯ ಬಳಿ ಅಪ್ಪನ ಒಂದು ಫೋಟೊ ಕೂಡ ಇರಲಿಲ್ಲ. ಸಾಮಿಲ್ ಸುಟ್ಟು ಅಪ್ಪ ಸತ್ತಾಗ ಅವಳಿಗೆ ಎರಡು ವರ್ಷ. ಈಗ ಎಪ್ಪತ್ತೈದು. ಅಪ್ಪನ ಮುಖ ಅಂತ ಇದ್ದದ್ದು ಊರಿನ ಚಿತ್ರಗಾರ ಓಸ್ಮೊ ಬರೆದ ಚಿತ್ರದಲ್ಲಿ ಮಾತ್ರ. ಅದೂ ಐಲಿಯ ಮೂಗು, ತೀರಿಹೋದ ಅವಳಣ್ಣನ ಗಲ್ಲ ಸೇರಿಸಿ ಊಹಿಸಿದ್ದು. ಬೇಸಿಗೆಯಿಡೀ ಅವಳು ಓಸ್ಮೊನ ಗ್ಯಾರೇಜಿಗೆ ಹೋಗಿ ಅದರ ಎದುರು ಕೂತು ಬರುತ್ತಿದ್ದಳು.

ಊರಿನ ಚರಿತ್ರೆಯ ಚಿತ್ರಗಳನ್ನು ಸರ್ಕಾರಿ ಕಟ್ಟಡಗಳಲ್ಲಿ ತೂಗುಹಾಕುವುದೆಂದು ಪುರಸಭೆ ತೀರ್ಮಾನಿಸಿತ್ತು. ಓಸ್ಮೊ ಬರೆದ ಸಾಮಿಲ್ಲಿನ ಬೆಂಕಿಯ ಚಿತ್ರ ಐದು ಮೀಟರ್ ಉದ್ದದ ಪ್ಲೈವುಡ್. ಪುರಭವನ ಬೂಷ್ಟು ಹಿಡಿದು ಮುಚ್ಚಿತ್ತು. ಶಾಲೆಯೂ ಬೂಷ್ಟು ಹಿಡಿದು ತಗಡಿನ ಶೆಡ್ಡುಗಳಲ್ಲಿ ನಡೆಯುತ್ತಿತ್ತು. ಅಷ್ಟುದ್ದದ ಗೋಡೆ ಉಳಿದದ್ದು ಆರೋಗ್ಯ ಕೇಂದ್ರದಲ್ಲಿ ಮಾತ್ರ. ಹೋದ ವಾರ ಅದರ ನಟ್ಟನಡುವೆ ಬೆಂಕಿ ಆರಿಸುವ ಸಿಲಿಂಡರಿನ ಕೆಂಪು ಪೆಟ್ಟಿಗೆ ಬಂದು ಕೂತಿತ್ತು.

"ಪೆಟ್ಟಿಗೆ ಮುಚ್ಚೋ ಹಾಗಿಲ್ಲ," ಅಂದಳು ಅಗ್ನಿಶಾಮಕ ಇಲಾಖೆಯ ಮೆರ್ಯಾ. "ಸರಿಸೋ ಹಾಗೂ ಇಲ್ಲ. ಸರಿಸಿದ್ರೆ ಇಡೀ ಕಟ್ಟಡದ ನಕ್ಷೆ ಹೊಸದಾಗಿ ಮಂಜೂರಾಗ್ಬೇಕು. ವಸಂತಕ್ಕೆ ಆಗಬಹುದು."

"ಉದ್ಘಾಟನೆ ಶುಕ್ರವಾರ. ಹೆಲ್ಸಿಂಕಿಯವಳ ಹಾಗೆ ಮಾತಾಡ್ಬೇಡ," ಅಂದ ಓಸ್ಮೊ. "ನಿಮ್ಮಜ್ಜಿ ಇದೇ ಊರಲ್ಲಿ ಮೀನು ಮಾರ್ತಿದ್ಲು."

"ಈಗ್ಲೂ ಮಾರ್ತಾಳೆ. ಬೇಕಾದ್ರೆ ಚಿತ್ರದಲ್ಲಿ ತೂತು ಕೊಯ್ಕೊಳ್ಳಿ. ನನ್ನ ಆಕ್ಷೇಪಣೆ ಇಲ್ಲ." ಮೆರ್ಯಾ ಹೊರಟುಹೋದಳು.

ಜೊತೆಗೆ ಬಂದಿದ್ದ ಐಲಿಯ ಎದುರೇ ಓಸ್ಮೊ ಅಳತೆ ಹಿಡಿದ. ಚಿತ್ರದ ನಡುವೆ ಗಡ್ಡದವನೊಬ್ಬ ಐಲಿಯ ಅಪ್ಪನನ್ನು ಹೆಗಲ ಮೇಲೆ ಹೊತ್ತು ಬಾಗಿಲ ಕಡೆ ಬರುತ್ತಿದ್ದ. ನಿಜದಲ್ಲಿ ಇಬ್ಬರೂ ಬಾಗಿಲು ತಲುಪಿರಲಿಲ್ಲ.

"ಚಿತ್ರ ಕೆಳಗಿಟ್ರೆ ತೂತಲ್ಲಿ ನಿಮ್ಮಪ್ಪ ಹೋಗ್ತಾನೆ. ಮೇಲಿಟ್ರೆ ಹೊತ್ತವನು. ಇನ್ನೂ ಮೇಲೆ ಅಂದ್ರೆ ಚಾವಣಿ. ಪಕ್ಕಕ್ಕೆ ಸರಿಸೋಕೆ ಗೋಡೆ ಸಾಲಲ್ಲ."

ಐಲಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡಳು. "ಹೊತ್ತವನು ಯಾರು?"

"ಚಳಿಗಾಲದ ಕೂಲಿ. ಎಲ್ಲಿಂದಲೋ ಬಂದವನು, ಚರ್ಚಿನವರಿಗೂ ಹೆಸರು ಗೊತ್ತಿಲ್ಲ. ಹೊರಗೆ ಬಂದಿದ್ನಂತೆ. ನಿಮ್ಮಪ್ಪ ಒಳಗಿದ್ದಾನೆ ಅಂತ ಮತ್ತೆ ಹೋದ."

"ಅವನ ಕಡೆಯವರು ಯಾರಾದ್ರೂ ಶುಕ್ರವಾರ ಬರ್ತಾರಾ?"

"ಯಾರಿದ್ದಾರೆ ಬರೋಕೆ?"

"ಹಾಗಾದ್ರೆ ಮೇಲಿಡು."

"ಐಲಿ, ನಿಮ್ಮಪ್ಪನ ಮುಖ ನಾನು ಊಹಿಸಿದ್ದು. ಇವನದ್ದೂ ಅಷ್ಟೇ."

"ಗೊತ್ತು."

"ಇವನನ್ನ ತೆಗೆದ್ರೆ ನಿಮ್ಮಪ್ಪ ಯಾರ ಮೇಲೆ ಮಲಗ್ತಾನೆ?"

ಐಲಿ ಗೋಡೆ ನೋಡಿದಳು. "ಪೆಟ್ಟಿಗೆ ಇದೆಯಲ್ಲ."

ಓಸ್ಮೊ ಗರಗಸದ ವೈರು ಪ್ಲಗ್ಗಿಗೆ ಸಿಕ್ಕಿಸಿದ.

ಶುಕ್ರವಾರ ಕಾಫಿ, ಏಲಕ್ಕಿ ಬನ್ನು ಇತ್ತು. ಪುರಸಭೆಯ ಅಧ್ಯಕ್ಷರು ನೆನಪಿನ ಮಹತ್ವದ ಬಗ್ಗೆ ಮಾತಾಡಿದರು. ಐಲಿಯ ಅಪ್ಪ ಕೆಂಪು ಪೆಟ್ಟಿಗೆಯ ಮೇಲೆ, ಮುಖ ಈಚೆ ತಿರುಗಿಸಿ, ಬೋರಲು ಮಲಗಿದ್ದ. ಪೆಟ್ಟಿಗೆಯ ಕೆಳಗೆ ಎರಡು ಬೂಟುಗಳು ಕಾಣುತ್ತಿದ್ದವು. ಐಲಿ ಎದುರಿಗೆ ಕುರ್ಚಿ ಎಳೆದುಕೊಂಡು, ಅಪ್ಪನ ಮುಖ ನೋಡುತ್ತ ಬನ್ನು ತಿಂದಳು. ಮೆರ್ಯಾ ಬಂದು ಪೆಟ್ಟಿಗೆಯ ಬಾಗಿಲು ತೆಗೆದು, ಹಾಕಿ, ಸರಿಯಾಗಿದೆ ಅಂದಳು.

ಸಾಮಿಲ್ಲಿನಲ್ಲಿ ಸತ್ತವರು ಹನ್ನೊಂದು ಜನ. ಗೋಡೆಯ ಮೇಲೆ ಹತ್ತು ಜನ, ಒಂದು ಜೊತೆ ಬೂಟು.