ಎಡಗಡೆಯ ದೀಪ

ಸ್ಕ್ರೂ ಎರಡು ಬಾರಿ ಕೈಜಾರಿ ನೆಲಕ್ಕೆ ಬಿತ್ತು. ಮೂರನೆಯ ಬಾರಿ ಜಂಬಣ್ಣ ಅದನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಕಾರಿನ ಎಡಗಡೆಯ ದೀಪದ ಗಾಜನ್ನು ಬಿಡಿಸಿದ. ಬೆಳಗಿನ ಒಂಬತ್ತು ಗಂಟೆ. ದುರ್ಗಿಗುಡಿಯ ಬೀದಿಯಲ್ಲಿ ಓಡಾಟ ಜೋರಾಗಿತ್ತು. ಅವನು ಮಾತ್ರ ಶೆಡ್ಡಿನ ಬಾಗಿಲು ಮುಂದೆ ಮಾಡಿಕೊಂಡು ಕೂತಿದ್ದ.

"ಮೂರು ತಿಂಗಳಿಂದ ಹತ್ತಿಯಲ್ಲಿ ಸುತ್ತಿಟ್ಟಿದ್ರಿ ಆ ಹೊಸ ಬಲ್ಬುಗಳನ್ನ. ಇವತ್ತೇನು ಅವಸರ?" ಹೆಂಡತಿ ಯಲ್ಲಮ್ಮ ಬಾಗಿಲ ಸಂದಿಯಿಂದ ಕೇಳಿದಳು.

"ಯಾರಾದ್ರೂ ಕೇಳಿದ್ರೆ ಯಾವತ್ತೋ ಹಾಕಿದ್ದು ಅನ್ನು."

ಗಂಡನ ಮುಖ ನೋಡಿ ಅವಳು ಒಳಗೆ ಹೋದಳು.

ಅದು ಮೂವತ್ತೇಳನೆಯ ಇಸವಿ. ಶಿವಮೊಗ್ಗದಲ್ಲಿ ಬಾಡಿಗೆ ಕಾರುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಜಂಬಣ್ಣನದು ಅವುಗಳಲ್ಲೊಂದು. ಹಿಂದಿನ ಸಂಜೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಬಳಿ ಒಬ್ಬರನ್ನು ಇಳಿಸಿ, ಒಬ್ಬನೇ ಮರಳುತ್ತಿದ್ದ. ಗೇಟು ಬಿಟ್ಟಾಗ ಇನ್ನೂ ಬೆಳಕಿತ್ತು. ಅರ್ಧ ದಾರಿಯಲ್ಲಿ ಕತ್ತಲಾಯಿತು, ದೀಪ ಹಾಕಿದ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಡಗಡೆಯದು ಆರಿಹೋಯಿತು. ಗೊತ್ತಿರುವ ದಾರಿ ತಾನೆ ಎಂದು ನಿಲ್ಲಿಸದೆ ಬಂದ.

ಮಾಚೇನಹಳ್ಳಿಯ ತಿರುವಿನಲ್ಲಿ ಎಡಕ್ಕೆ ಏನೋ ಧಡ್ ಎಂದು ಬಡಿಯಿತು. ಹಿಂದೆಯೇ ಒಬ್ಬ ಮನುಷ್ಯ ಕೂಗಿಕೊಂಡ.

ಜಂಬಣ್ಣನ ಕಾಲು ಬ್ರೇಕಿನ ಮೇಲೆ ಹೋಯಿತು. ಅಷ್ಟರಲ್ಲಿ ಕನ್ನಡಿಯಲ್ಲಿ ಇನ್ನೊಂದು ಕಾರಿನ ಬೆಳಕು ದೂರದಲ್ಲಿ ಕಂಡಿತು. ನಿಂತರೆ ಅವರು ನೋಡುತ್ತಾರೆ. ಒಂಟಿ ದೀಪದಲ್ಲಿ ಓಡಿಸಿದ್ದು ಗೊತ್ತಾಗುತ್ತದೆ. ಲೈಸೆನ್ಸು ಹೋಗುತ್ತದೆ. ಅವನು ನಿಲ್ಲಲಿಲ್ಲ.

ಬೆಳಿಗ್ಗೆ ಏಳಕ್ಕೆ ಹೋಟೆಲಿನಲ್ಲಿ ಸುದ್ದಿ ಕಾದಿತ್ತು. ಹೊನ್ನಯ್ಯ ಅನ್ನುವ ಕಾರ್ಖಾನೆಯ ಕೆಲಸಗಾರನಿಗೆ ಅದೇ ತಿರುವಿನಲ್ಲಿ ಯಾವುದೋ ಕಾರು ಗುದ್ದಿ ಹೋಗಿದೆ. ಆ ದಾರಿಯಲ್ಲಿ ಬಂದ ಎತ್ತಿನ ಗಾಡಿಯವರು ಆಸ್ಪತ್ರೆಗೆ ತಂದು ಹಾಕಿದ್ದಾರೆ. ಕಾಲು ಎರಡು ಕಡೆ ಮುರಿದಿದೆ, ಮೈಮೇಲೆ ಎಚ್ಚರವಿಲ್ಲ. ಜಂಬಣ್ಣ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದ.

ಈಗ ಅವನು ಕಪ್ಪಾಗಿದ್ದ ಬಲ್ಬನ್ನು ಒತ್ತಿ, ತಿರುಗಿಸಿ ಹೊರಗೆಳೆದ. ಅದರ ಹಿಂದಿದ್ದ, ಬೆಳಕನ್ನು ಮುಂದಕ್ಕೆ ಚೆಲ್ಲುವ ಬೆಳ್ಳಿಯ ಮೆರುಗಿನ ಬೋಗುಣಿಯನ್ನು ಬೆರಳು ತಾಗದಂತೆ ಮೆತ್ತನೆಯ ಬಟ್ಟೆಯಲ್ಲಿ ಒರೆಸಿದ. ಹಳೆಯದರ ಬೆಳಕು ಇಪ್ಪತ್ತೊಂದು ಕ್ಯಾಂಡಲ್ಲಿನಷ್ಟು, ಹೊಸದರದು ಮೂವತ್ತೆರಡು. ಒಂದನ್ನೇ ಹಾಕಿದರೆ ಒಂದು ಕಣ್ಣು ಪ್ರಖರ, ಇನ್ನೊಂದು ಮಂಕು. ನೋಡಿದವರಿಗೆ ಅನುಮಾನ ಬಂದೀತು. ಚೆನ್ನಾಗಿ ಉರಿಯುತ್ತಿದ್ದ ಬಲಗಡೆಯದನ್ನೂ ಕಿತ್ತು ಹೊಸದನ್ನು ಕೂರಿಸಿದ. ಹಳೆಯವೆರಡನ್ನೂ ಗೋಣಿತಾಟಿನಲ್ಲಿ ಸುತ್ತಿ, ಗುಂಡುಕಲ್ಲಿನಿಂದ ಪುಡಿಮಾಡಿ, ಹಿತ್ತಿಲ ಚರಂಡಿಗೆ ಸುರಿದು ಎರಡು ಕೊಡ ನೀರು ಹೊಯ್ದ. ಎಡಗಡೆಯ ಮಡ್‌ಗಾರ್ಡಿನ ಮೇಲೆ ಹಸಿರು ಗೀರೊಂದಿತ್ತು, ಸಂದಿಯಲ್ಲಿ ಎಲೆಯೊಂದು ಸಿಕ್ಕಿಕೊಂಡಿತ್ತು. ಸರಿಯಾಗಿ ನೋಡುವ ಧೈರ್ಯವಾಗದೆ ಸೀಮೆಎಣ್ಣೆ ಬಟ್ಟೆಯಿಂದ ಎಲ್ಲವನ್ನೂ ಉಜ್ಜಿ ತೆಗೆದ.

ಸ್ವಿಚ್ಚು ಹಾಕಿದಾಗ ಶೆಡ್ಡಿನ ಗೋಡೆಯ ಮೇಲೆ ಎರಡು ಬೆಳಕು, ಒಂದೇ ಎತ್ತರದಲ್ಲಿ, ಹಾಲಿನಂತೆ ಬಿದ್ದವು. ಮೂರು ತಿಂಗಳಿಂದ ಇದನ್ನು ನೋಡಬೇಕೆಂದು ಆಸೆಪಟ್ಟಿದ್ದ. ಈಗ ತಕ್ಷಣ ಆರಿಸಿಬಿಟ್ಟ.

ಹತ್ತೂವರೆಗೆ ಪೊಲೀಸ್ ದಫೇದಾರ್ ಗಣಪಯ್ಯ ಸೈಕಲ್ಲಿನಲ್ಲಿ ಬಂದ. ಜಂಬಣ್ಣನ ಕಾರಿನಲ್ಲಿ ಎಷ್ಟೋ ಸಲ ಓಡಾಡಿದವನು, ಗುರುತಿನವನು.

"ಜಂಬಣ್ಣ, ನಿನ್ನ ಕಾರಿನ ದೀಪ ನೋಡ್ಬೇಕಿತ್ತಲ್ಲ."

"ಅದಕ್ಕೇನು, ನೋಡಿ." ಜಂಬಣ್ಣ ಸ್ವಿಚ್ಚು ಹಾಕಿದ. ಗಣಪಯ್ಯ ಕಣ್ಣಿಗೆ ಕೈ ಅಡ್ಡ ಹಿಡಿದ.

"ನಿನ್ನೆ ಸಂಜೆ ಭದ್ರಾವತಿಯಿಂದ ಬರುವಾಗ್ಲೂ ಎರಡೂ ಉರೀತಿತ್ತಾ? ಯೋಚ್ನೆ ಮಾಡಿ ಹೇಳು."

"ಎರಡೂ ಉರೀತಿತ್ತು."

"ದಾರೀಲಿ ಕೆಟ್ಟಿರ್ಲಿಲ್ವಾ?"

"ಇಲ್ಲ ದಫೇದಾರ್ರೇ. ಬೇಕಾದ್ರೆ ಇವಳನ್ನ ಕೇಳಿ."

"ಹೌದು," ಎಂದಳು ಯಲ್ಲಮ್ಮ, ನೆಲ ನೋಡುತ್ತ. "ಆ ಬಲ್ಬು ಹಾಕಿ ಮೂರು ತಿಂಗಳಾಯ್ತು."

ಗಣಪಯ್ಯ ಕಾರಿನ ಮೆಟ್ಟಿಲ ಮೇಲೆ ಕುಸಿದು ಕೂತ.

"ಎಂಟು ಗಂಟೆಗೆ ಹೊನ್ನಯ್ಯಂಗೆ ಎಚ್ಚರ ಆಯ್ತು. ರಸ್ತೆ ಮೇಲೆ ಮರದ ಕೊಂಬೆ ಬಿದ್ದಿತ್ತಂತೆ, ಎಳೆದು ಹಾಕೋಣ ಅಂತ ಸೈಕಲ್ ಇಳಿದನಂತೆ. ಮೊದಲು ಒಂಟಿ ದೀಪದ ಕಾರು ಬಂತು. ಅದು ಕೊಂಬೆಗೆ ಬಡಿದು ಮುಂದೆ ಹೋಯ್ತು. ಇವನು ಕೂಗಿದ, ಅದು ನಿಲ್ಲಲಿಲ್ಲ. ಮತ್ತೆ ಕೊಂಬೆಗೆ ಕೈ ಹಾಕಿದಾನೆ, ಹಿಂದಿಂದ ಬಂದ ಕಾರು ಗುದ್ದಿದೆ. ಅದಕ್ಕೆ ಎರಡು ದೀಪ. ಕಣ್ಣು ಕುಕ್ಕೋವಷ್ಟು ಬೆಳಕು ಅಂದ."

ಜಂಬಣ್ಣ ಇನ್ನೂ ಉರಿಯುತ್ತಿದ್ದ ದೀಪಗಳನ್ನು ಆರಿಸಿದ.

"ಆ ಹೊತ್ತಲ್ಲಿ ಈ ಕಡೆ ಬಂದಿದ್ದು ಎರಡೇ ಕಾರು ಅಂತ ಗೇಟಿನವನು ಹೇಳಿದ. ಒಂದು ನಿಂದು, ಇನ್ನೊಂದು ಕಂತ್ರಾಟುದಾರ ಶಿವಮೂರ್ತಪ್ಪನವರದು. ಒಂಟಿ ದೀಪದ್ದು ನಿಂದೇ ಆಗಿರ್ಲಿ ಅಂತ ದೇವರನ್ನ ಬೇಡ್ಕೊಂಡು ಬಂದೆ ಮಾರಾಯ."

"ನಂದೇ. ನಂದೇ ಅದು." ಜಂಬಣ್ಣ ಮುಂದೆ ಬಂದ. "ಎಡಗಡೇದು ಆರಿಹೋಗಿತ್ತು. ಇವತ್ತು ಬೆಳಿಗ್ಗೆ ಬದಲಾಯಿಸಿದೆ. ನಾನೇ ಗುದ್ದಿದೆ ಅಂತ ಹೆದರ್ಕೊಂಡು."

"ಹಳೇ ಬಲ್ಬು ಎಲ್ಲಿ?"

ಜಂಬಣ್ಣ ಹಿತ್ತಿಲ ಚರಂಡಿಯ ಕಡೆ ತಿರುಗಿದ. ಯಲ್ಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಶಿವಮೂರ್ತಪ್ಪನವರ ಕಾರನ್ನೂ ಒಂದ್ಸಲ ನೋಡಿ," ಎಂದ ಜಂಬಣ್ಣ.

"ಅಲ್ಲಿಂದಾನೇ ಬರ್ತಿದೀನಿ." ಗಣಪಯ್ಯ ಎದ್ದು ನಿಂತ. "ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆಸ್ಪತ್ರೆಗೆ ಹೋದವರು ಅವರೇ. ಹೊನ್ನಯ್ಯನ ಪಕ್ಕದಲ್ಲಿ ಕೂತು ಎಲ್ಲ ಕೇಳ್ಕೊಂಡು ಮನೆಗೆ ಹೋಗಿದಾರೆ."

ಅವನು ಬೇಡಿಯನ್ನು ಹೊರಗೆ ತೆಗೆದ.

"ಅವರ ಕಾರಲ್ಲಿ ಉರಿಯೋದು ಒಂದೇ ದೀಪ."