ಹೊಗಳಬಾರದ ಗಾಳಿ

ನಾನು ಮದುವೆಯಾಗಿ ಬಂದ ಹಿಮಾಚಲದ ಈ ಕಿನ್ನೌರ್ ಕಣಿವೆಯಲ್ಲಿ ಹವೆಯನ್ನು ಹೊಗಳಿದರೆ ಬಿಸಿಲೇರುತ್ತದೆ, ಬೈದರೆ ತಂಪಾಗುತ್ತದೆ. ಅದಕ್ಕೇ ಮೇ ತಿಂಗಳಿಡೀ ನಾವೆಲ್ಲ ಮುಖ ಗಂಟಿಕ್ಕಿಕೊಂಡು ಸೇಬಿನ ತೋಟದಲ್ಲಿ ದುಡಿಯುತ್ತೇವೆ. ರಾಯಚೂರಿನಿಂದ ಬಂದ ತಂಗಿ ಮಹಾನಂದಾಳಿಗೆ ಇದನ್ನು ಬಸ್‌ಸ್ಟ್ಯಾಂಡಿನಲ್ಲೇ ಹೇಳಿದ್ದೆ. ಮೂರು ದಿನ ಬಾಯಿ ಬಿಗಿಹಿಡಿದಿದ್ದಳು. ನಾಲ್ಕನೆಯ ದಿನ ಬೆಳಿಗ್ಗೆ ಹೂಬಿಟ್ಟ ಮರದ ಕೆಳಗೆ ನಿಂತು ಗಾಳಿಗೆ ಸೆರಗು ಹಿಡಿದಳು.

“ಯಕ್ಕಾ, ಏನ್ ತಂಪ ಗಾಳಿ ಐತಿ! ಜೀವಕ್ಕ ಹಾಯ್ ಅನಸ್ತು ನೋಡು.”

ಗಾಳಿ ನಿಂತೇಹೋಯಿತು. ಮಧ್ಯಾಹ್ನದೊಳಗೆ ಅರ್ಧ ತೋಟದ ಹೂವು ಬಾಡಿ ಉದುರಿತು. ಪಕ್ಕದ ಮನೆಯ ಛೆರಿಂಗ್ ಬಂದು ತಂಗಿಯ ಸೂಟ್‌ಕೇಸನ್ನು ರಸ್ತೆಗೆ ಎಸೆದಳು. ಅವಳ ಹಿಂದೆ ಊರಿನವರು ಕಲ್ಲು ಹಿಡಿದು ನಿಂತಿದ್ದರು. ನಾನೂ ತಂಗಿಯ ಪರ ಮಾತಾಡಲಿಲ್ಲ.

ಮಹಾನಂದಾ ಬೊಗಸೆ ಮಣ್ಣೆತ್ತಿ ತೂರಿದಳು. “ನಿಮ್ಮ ಗಾಳಿ ಬಾಯಾಗ ಮಣ್ಣ ಹಾಕ! ಇದೂ ಒಂದ್ ಹವಾ ಏನ್ರೇ? ಸುಡುಗಾಡ ಹವಾ! ಬೆಂಕಿ ಹಚ್ಲಿ ಇದಕ್ಕ!”

ಹಿಮದ ಕಡೆಯಿಂದ ಬೀಸಿದ ಚಳಿಗಾಳಿ ಎಲ್ಲರ ಟೊಪ್ಪಿಗೆಗಳನ್ನು ಹಾರಿಸಿತು. ಊರಿನಲ್ಲಿ ಇಷ್ಟು ಚೆನ್ನಾಗಿ ಬೈಯುವವರು ಯಾರೂ ಇರಲಿಲ್ಲ.

ಛೆರಿಂಗ್ ಸೂಟ್‌ಕೇಸನ್ನು ತನ್ನ ಮನೆಯೊಳಗಿಟ್ಟು ಬೀಗ ಹಾಕಿದಳು.

“ಸೇಬು ಕೊಯ್ಯುವವರೆಗೆ ಇವಳು ಇಲ್ಲೇ ಇರಲಿ” ಎಂದು ನನಗೆ ತಾಕೀತು ಮಾಡಿದಳು. “ಹೊಟ್ಟೆ ತುಂಬ ಊಟ ಹಾಕಬೇಡ.”