ಕೆನ್ನೆಯ ಬಣ್ಣ

ಬೀಟ್‌ರೂಟ್ ಹೋಳನ್ನು ಅವಳು ಬಾಯಿಗಿಡಲಿಲ್ಲ. ಕನ್ನಡಿ ನೋಡುತ್ತ ಎರಡೂ ಕೆನ್ನೆಗೆ ಉಜ್ಜಿಕೊಂಡಳು. ಆಚೆ ಸಭಾಂಗಣದಲ್ಲಿ ಗಂಡನ ಭಾಷಣ ರಂಗೇರಿತ್ತು: “ಹಸಿ ತರಕಾರಿ ಬಿಟ್ರೆ ನನ್ನ ಹೆಂಡ್ತಿ ಬೇರೇನೂ ಮುಟ್ಟಲ್ಲ. ಮಾತ್ರೆ ಬಿಟ್ಟು ವರ್ಷವಾಯ್ತು. ಈಗ ಬರ್ತಾಳೆ, ಕಣ್ಣಾರೆ ನೋಡಿ!” ಈ ತಿಂಗಳಲ್ಲಿ ಇದು ಒಂಬತ್ತನೇ ಊರು. ಬರುವಾಗ ಬಸ್ಸಿನಲ್ಲಿ ಎರಡು ಸಲ ರಕ್ತ ಕಾರಿದ್ದಳು. “ಬೀಟ್‌ರೂಟ್ ರಸ ಕಣೇ,” ಎಂದು ಅವನೇ ಒರೆಸಿದ್ದ.

ಬಾಗಿಲು ತಳ್ಳಿಕೊಂಡು ಒಬ್ಬ ಹೆಂಗಸು ಒಳಬಂದಳು. ಹೆಗಲ ಮೇಲೆ ಬಿಳಿಚಿಕೊಂಡ ಮಗಳು. “ಅಕ್ಕಾ, ಹೋದ ಸಲ ನಿಮ್ಮೆಜಮಾನ್ರ ಮಾತು ಕೇಳಿ ಇವಳ ಔಷಧಿ ನಿಲ್ಲಿಸಿ ತಿಂಗಳಾಯ್ತು. ನಿಮ್ಮಷ್ಟು ಬಣ್ಣ ಬರೋಕೆ ಇನ್ನೆಷ್ಟು ದಿನ ಬೇಕು?”

ಚಪ್ಪಾಳೆ ಶುರುವಾಯಿತು. ಅವಳು ಒದ್ದೆ ಕರವಸ್ತ್ರದಿಂದ ಒಂದು ಕೆನ್ನೆಯನ್ನು ತಿಕ್ಕಿ ಒರೆಸಿದಳು. ಅಡಿಯಲ್ಲಿ ಸುಣ್ಣದಂಥ ಬಿಳುಪು. ಹೋಳನ್ನು ಆ ತಾಯಿಯ ಅಂಗೈಗಿಟ್ಟಳು.

“ಎರಡೇ ನಿಮಿಷ ಕಣಮ್ಮಾ. ಉಜ್ಜಿದ್ರಾಯ್ತು.”